ಹತ್ತು ನಿಮಿಷಕ್ಕೆ ನಿಂತ ವೀಣೆ

ಗುಂಪು: ಮನೆಮಂದಿ

ಮಾವ (ಹಲವು ಬಾರಿ ರವಾನೆಯಾದ ಸಂದೇಶ): “ಹಾಡು ಮುದ್ರಿಸಿಕೊಳ್ಳಲು ಇನ್ನು ಒಂದು ಪೈಸೆಯೂ ಬೇಡ! ಆಡಾಸಿಟಿ, ಆರ್ಡರ್, ಎಲ್‌ಎಂಎಂಎಸ್, ರೀಪರ್ ಎಲ್ಲವೂ ಉಚಿತ, ಎಲ್ಲವೂ ಮುಕ್ತ ತಂತ್ರಾಂಶ. ಎಲ್ಲರಿಗೂ ಕಳುಹಿಸಿ.”

ಅಣ್ಣ: ಮಾವ, ರೀಪರ್ ಉಚಿತವೂ ಅಲ್ಲ, ಮುಕ್ತವೂ ಅಲ್ಲ. 60 ದಿನ ಬಳಸಿ ನೋಡಲು ಬಿಡುತ್ತಾರೆ, ಆಮೇಲೆ ಪರವಾನಗಿ ಕೊಳ್ಳಬೇಕು. ಬಂದದ್ದನ್ನೆಲ್ಲ ಹೀಗೆ ಮುಂದಕ್ಕೆ ತಳ್ಳುವುದೇ?

ಮಾವ: ಪರೀಕ್ಷಿಸಿಯೇ ಕಳುಹಿಸಿದ್ದೇನಪ್ಪ. ಆರ್ಡರ್ ಇಳಿಸಿಕೊಂಡು ಬೆಳಿಗ್ಗೆ ಕಲ್ಯಾಣಿ ನುಡಿಸಲು ಕುಳಿತೆ. ಹತ್ತು ನಿಮಿಷಕ್ಕೆ ಸದ್ದೇ ಅಡಗಿತು. ಮೈಕಿನ ವೈರು ಬಿಚ್ಚಿ, ಸಿಕ್ಕಿಸಿ, ಒಂದು ಗಂಟೆ ಒದ್ದಾಡಿದೆ.

ಅತ್ತೆ: ನನ್ನನ್ನು ಬೈದದ್ದನ್ನೂ ಬರೆಯಿರಿ. ನಾನು ಮಿಕ್ಸಿ ಹಾಕಿದ್ದಕ್ಕೇ ಹೀಗಾಯಿತಂತೆ.

ನಾನು: ಮಿಕ್ಸಿಯ ತಪ್ಪಲ್ಲ ಅತ್ತೆ. ಆರ್ಡರ್‌ನ ಡೆಮೊ ಪ್ರತಿ ಹತ್ತು ನಿಮಿಷಕ್ಕೆ ತಾನಾಗಿಯೇ ಮೌನವಾಗುತ್ತದೆ. ಸೋರ್ಸ್ ಕೋಡ್, ಅಂದರೆ ತಂತ್ರಾಂಶದ ಮೂಲ ಬರಹ, ಎಲ್ಲರಿಗೂ ಮುಕ್ತ, ಆದರೆ ಸಿದ್ಧಪಡಿಸಿದ ಪ್ರತಿಗೆ ತಯಾರಕರು ಹಣ ಕೇಳುತ್ತಾರೆ. ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ಹಾಕಿಕೊಂಡರೆ ಅದರ ಭಂಡಾರದಿಂದಲೇ ಪುಕ್ಕಟೆ ಸಿಗುತ್ತದೆ.

ಅಣ್ಣ: ಮುಕ್ತ ಎನ್ನುವುದು, ಕೈಯನ್ನೂ ಚಾಚುವುದು. ಯಾವ ಸೀಮೆಯ ನ್ಯಾಯ?

ನಾನು: ಅಡುಗೆ ಮಾಡುವ ವಿಧಾನ ಹೇಳಿಕೊಟ್ಟವರು ಊಟವನ್ನೂ ಬಡಿಸಬೇಕೇ? ನೀನು ನಿನ್ನ ಹಾಡಿನ ತಂತ್ರಾಂಶಕ್ಕೆ ತಿಂಗಳು ತಿಂಗಳೂ ಬಾಡಿಗೆ ಕಟ್ಟುತ್ತೀಯಲ್ಲ, ಹೋದ ವರ್ಷ ಕಾರ್ಡಿನ ಅವಧಿ ಮುಗಿದಾಗ ಅಕ್ಕನ ಮದುವೆಗೆ ಮಾಡಿದ ಹಾಡೇ ತೆರೆಯಲಿಲ್ಲ. ಹಾಡು ನಿನ್ನದು, ಕಂಪ್ಯೂಟರ್ ನಿನ್ನದು, ಬೀಗದ ಕೈ ಮಾತ್ರ ಅವರದು.

ಅಣ್ಣ: ಅದು ಒಂದು ದಿನದ ಪಾಡು. ನಿನ್ನ ಲಿನಕ್ಸ್‌ನಲ್ಲಿ ಅಕ್ಕ ಹಾಡಿದರೆ ಅವಳ ದನಿ ಅವಳಿಗೇ ತಡವಾಗಿ ಕೇಳುತ್ತಿತ್ತು. ತಾಳ ತಪ್ಪಿ ಅಳುವುದೊಂದು ಬಾಕಿ.

ಅಕ್ಕ: ನಾನೇನೂ ಅಳಲಿಲ್ಲ. ಹೆಡ್‌ಫೋನ್ ಎಸೆದೆ.

ನಾನು: ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟು ಕಳಿಸುವ ಸದ್ದಿನ ತುಣುಕು, 1024 ಇಟ್ಟದ್ದು ನನ್ನ ತಪ್ಪು. ಸೆಕೆಂಡಿಗೆ 48,000 ಮಾದರಿಗಳ ದರದಲ್ಲಿ ಒಂದು ದಿಕ್ಕಿಗೇ ಸುಮಾರು 21 ಮಿಲಿಸೆಕೆಂಡ್ ತಡ. 128ಕ್ಕೆ ಇಳಿಸಿದರೆ ಮೂರಕ್ಕಿಂತ ಕಡಿಮೆ. ತೀರಾ ಇಳಿಸಿದರೆ ಚಟಪಟ ಸದ್ದು ಬರುತ್ತದೆ, ಒಪ್ಪುತ್ತೇನೆ.

ಅಣ್ಣ: ನನ್ನ ಹಳೆಯ ಹಾಡುಗಳು? ಸದ್ದಿಗೆ ಮೆರುಗು ಕೊಡುವ ವಿಂಡೋಸ್ ಪ್ಲಗಿನ್‌ಗಳು?

ನಾನು: ಪ್ಲಗಿನ್‌ಗಳಲ್ಲಿ ಕೆಲವು, ವಿಂಡೋಸಿನವನ್ನು ಲಿನಕ್ಸ್‌ನಲ್ಲಿ ಓಡಿಸುವ ಯಾಬ್ರಿಜ್ ಮೂಲಕ ಓಡುತ್ತವೆ, ಕೆಲವು ಮೊಂಡು ಹಿಡಿಯುತ್ತವೆ. ಹಳೆಯ ಹಾಡುಗಳ ಪ್ರಾಜೆಕ್ಟ್ ಫೈಲುಗಳನ್ನು ಹಾಗೆಯೇ ಎತ್ತಿ ತರಲು ಹೋಗಬೇಡ. ಬಾಡಿಗೆ ಮುಗಿಯುವ ಮೊದಲೇ ಒಂದೊಂದು ಟ್ರ್ಯಾಕನ್ನೂ (ದನಿ ಬೇರೆ, ವಾದ್ಯ ಬೇರೆ) ಹಾಡಿನ ಆರಂಭದಿಂದ ಕೊನೆಯವರೆಗೆ ಬೇರೆ ಬೇರೆ ವೇವ್ ಫೈಲಾಗಿ ತೆಗೆದಿಡು. ನಡುವಿನ ಮೌನವನ್ನು ಕತ್ತರಿಸಬೇಡ, ಜೋಡಿಸುವಾಗ ತಾಳ ಕೂಡುವುದಿಲ್ಲ. ಹೊಸ ಹಾಡನ್ನು ಆರ್ಡರ್‌ನಲ್ಲಿ ಶುರುಮಾಡು.

ಮಾವ: ನನಗೆ ಬೇಕಿರುವುದು ಒಂದು ವೀಣೆ, ಒಂದು ತಂಬೂರಿ ಶ್ರುತಿ. ಅಷ್ಟೇ.

ಅಣ್ಣ: ಅಷ್ಟಕ್ಕೆ ಆಡಾಸಿಟಿ ಸಾಕು ಮಾವ. 2021ರಲ್ಲಿ ಅದರ ಒಡೆತನ ಬದಲಾದಾಗ ಬಳಕೆದಾರರ ಮಾಹಿತಿ ಕಲೆಹಾಕುತ್ತಾರೆಂದು ದೊಡ್ಡ ಗಲಾಟೆಯಾಗಿತ್ತು, ಅದೂ ನೆನಪಿರಲಿ.

ನಾನು: ಕೋಡ್ ಬಯಲಿನಲ್ಲಿದ್ದುದರಿಂದಲೇ ಜನ ಅಷ್ಟು ಬೇಗ ಹಿಡಿದು ಕೇಳಿದ್ದು. ನಿನ್ನ ಬಾಡಿಗೆಯದರಲ್ಲಿ ಯಾರು ಇಣುಕಿ ನೋಡಿದ್ದಾರೆ?

ಅಣ್ಣ: ಆಯಿತು ಮಹರಾಯ. ಭಾನುವಾರ ನಾನೇ ಬಂದು ಹಾಕಿಕೊಡುತ್ತೇನೆ ಮಾವ.

ಅತ್ತೆ: ಹತ್ತು ಗಂಟೆಯ ಮೇಲೆ ಬಾ. ಅದಕ್ಕೆ ಮೊದಲು ನಾನು ಮಿಕ್ಸಿ ಹಾಕುವುದಿದೆ.