ಹತ್ತು ವ್ಯಾಟಿನ ಆ್ಯಂಪ್, ಕೈಯಲ್ಲಿ ಐದು ಸಾವಿರ ರೂಪಾಯಿ: ಎಲೆಕ್ಟ್ರಿಕ್ ಗಿಟಾರಿನ ನಾದ ಸುಧಾರಿಸಲು ಮೊದಲು ಏನು ಮಾಡಬೇಕು?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು. ನಾಲ್ಕು ವರ್ಷ ಅಕೂಸ್ಟಿಕ್ ಗಿಟಾರ್ ನುಡಿಸಿದ ಮೇಲೆ, ಕಳೆದ ಯುಗಾದಿಯ ಹೊತ್ತಿಗೆ ಒಂದು ಎಲೆಕ್ಟ್ರಿಕ್ ಗಿಟಾರ್ ಕೊಂಡೆ. ಅದು ಸ್ಟ್ರ್ಯಾಟೊಕ್ಯಾಸ್ಟರ್ ಮಾದರಿಯದು, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಮೂರು ಸಿಂಗಲ್ ಕಾಯಿಲ್ ಪಿಕಪ್‌ಗಳಿವೆ. ಅದರ ಜೊತೆಯಲ್ಲೇ ಆರು ಇಂಚಿನ ಸ್ಪೀಕರ್ ಇರುವ ಹತ್ತು ವ್ಯಾಟಿನ ಆ್ಯಂಪ್ ಮತ್ತು ಕೇಬಲ್ ಬಂದವು.

ಆರು ತಿಂಗಳಾದರೂ ನಾದ ನನಗೆ ಒಪ್ಪಿಗೆಯಾಗಿಲ್ಲ. ಕ್ಲೀನ್‌ನಲ್ಲಿ ನುಡಿಸಿದರೆ ತಗಡಿನ ಮೇಲೆ ಕಡ್ಡಿ ಆಡಿಸಿದಂತೆ ಕೇಳುತ್ತದೆ. ಧ್ವನಿಯನ್ನು ಒಡೆಸುವ ಓವರ್‌ಡ್ರೈವ್ ಗುಂಡಿ ಒತ್ತಿದರೆ ಮಳೆಗಾಲದ ಜೀರುಂಡೆಗಳೆಲ್ಲ ಒಟ್ಟಿಗೆ ಕೂಗಿದಂತಾಗಿ, ಯಾವ ಸ್ವರ ನುಡಿಸಿದೆನೆಂಬುದೇ ತಿಳಿಯುವುದಿಲ್ಲ. ಹತ್ತನೆಯ ಫ್ರೆಟ್ಟಿನ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಆಚೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಹಿಡಿದರೆ ಶ್ರುತಿ ಸೇರುವುದಿಲ್ಲ, ಆದರೆ ತೆರೆದ ತಂತಿಗಳು ಟ್ಯೂನರಿನಲ್ಲಿ ಸರಿಯಾಗಿಯೇ ಇರುತ್ತವೆ. ಕೈಯನ್ನು ತಂತಿಯಿಂದ ತೆಗೆದ ಕೂಡಲೇ ಗುಂಯ್ ಎಂಬ ಸದ್ದು ಹೆಚ್ಚುತ್ತದೆ. ಸಂಜೆ ಕರೆಂಟ್ ಹೋಗಿ ಇನ್ವರ್ಟರ್ ಬಂದರಂತೂ ಆ್ಯಂಪ್ ಆರಿಸಿಬಿಡುವುದೇ ಲೇಸು ಎನಿಸುತ್ತದೆ.

ಐದು ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ಅಂಗಡಿಯವರು ನಾದವನ್ನು ಹಲವು ಬಗೆಯಲ್ಲಿ ಬದಲಿಸುವ ಮಲ್ಟಿ ಎಫೆಕ್ಟ್ಸ್ ಪೆಡಲ್ ಕೊಳ್ಳಿ ಎನ್ನುತ್ತಾರೆ, ಗೆಳೆಯನೊಬ್ಬ ಪಿಕಪ್ ಬದಲಿಸು ಎನ್ನುತ್ತಾನೆ. ನನಗೆ ಬೇಕಾದದ್ದು ಅಂಚಿನಲ್ಲಿ ಸ್ವಲ್ಪವೇ ಒಡೆದಂತಿರುವ ಬ್ಲೂಸ್ ನಾದ. ಅಮ್ಮ ಕರ್ನಾಟಕ ಸಂಗೀತ ಹಾಡುತ್ತಾರೆ. ಅವರ ಗಮಕಗಳನ್ನು ತಂತಿ ಎಳೆದು ನುಡಿಸಬೇಕೆಂಬ ಆಸೆಯೂ ಇದೆ. ಹಣವನ್ನು ಎಲ್ಲಿ ಹಾಕಲಿ?

ಉತ್ತರ: ಮಂದ್ರಸ್ಥಾಯಿ

ದಯವಿಟ್ಟು ಈ ವಾರ ಏನನ್ನೂ ಕೊಳ್ಳಬೇಡಿ, ಒಂದು ಸೆಟ್ ತಂತಿಯನ್ನು ಬಿಟ್ಟು. ನೀವು ಬರೆದ ದೂರುಗಳಲ್ಲಿ ಅರ್ಧದಷ್ಟು ಗಿಟಾರನ್ನು ಹದಮಾಡದೆ ಇರುವುದರಿಂದ ಬಂದವು. ಕಡಿಮೆ ಬೆಲೆಯ ಗಿಟಾರುಗಳು ಕಾರ್ಖಾನೆಯಿಂದ ಬರುವಾಗ ಯಾರೂ ಅವುಗಳನ್ನು ಕೂತು ಸರಿಪಡಿಸಿರುವುದಿಲ್ಲ. ಬೆಲೆಯಲ್ಲಿ ಉಳಿಸಿದ್ದು ಹೆಚ್ಚಾಗಿ ಆ ಒಂದು ಗಂಟೆಯ ಕೆಲಸವನ್ನೇ.

ಮೊದಲು ತಂತಿ. ಆರು ತಿಂಗಳ ಹಳೆಯ ತಂತಿಯಲ್ಲಿ ಬೆವರು, ತುಕ್ಕು, ಫ್ರೆಟ್‌ಗಳು ತಿಂದ ಗುರುತು ಎಲ್ಲವೂ ಇರುತ್ತವೆ. ಅಂಥ ತಂತಿ ಉದ್ದಕ್ಕೂ ಒಂದೇ ಸಮನಾಗಿ ಕಂಪಿಸುವುದಿಲ್ಲವಾದ್ದರಿಂದ ಅದರ ಮೇಲೆ ಶ್ರುತಿಯ ಯಾವ ಪರೀಕ್ಷೆ ಮಾಡಿದರೂ ವ್ಯರ್ಥ. ಅತಿ ಸಣ್ಣ ತಂತಿ 0.009 ಇಂಚು ಇರುವ ಸೆಟ್ ಎಳೆಯಲು ಹಗುರ, 0.010 ಇಂಚಿನದು ನಾದದಲ್ಲಿ ಸ್ವಲ್ಪ ತುಂಬು. ಗಮಕಕ್ಕಾಗಿ ಎರಡು ಮೂರು ಸ್ವರಗಳಷ್ಟು ದೂರ ಎಳೆಯುವ ಆಸೆಯಿದ್ದರೆ ಸದ್ಯಕ್ಕೆ 0.009 ಸಾಕು. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಗಳನ್ನು ಒರೆಸಿಡಿ. ನಿಮ್ಮ ಮಲೆನಾಡಿನ ಮಳೆಗಾಲದಲ್ಲಿ ಈ ಒಂದು ಅಭ್ಯಾಸದಿಂದಲೇ ತಂತಿಯ ಆಯಸ್ಸು ಎಷ್ಟೋ ಹೆಚ್ಚುತ್ತದೆ.

ಹೊಸ ತಂತಿ ಹಾಕಿದ ಮೇಲೆ ಕತ್ತಿನ ಬಾಗು ನೋಡಿ. ಒಂದನೆಯ ಫ್ರೆಟ್ ಮತ್ತು ಕತ್ತು ದೇಹಕ್ಕೆ ಸೇರುವ ಕಡೆಯ ಫ್ರೆಟ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದಾಗ, ಏಳನೆಯ ಫ್ರೆಟ್ಟಿನ ಮೇಲೆ ತಂತಿಯ ಕೆಳಗೆ ಸುಮಾರು 0.25 ಮಿ.ಮೀ. ಸಂದು ಇರಬೇಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಕತ್ತಿನೊಳಗಿನ ಕಂಬಿಯಾದ ಟ್ರಸ್ ರಾಡನ್ನು ಪ್ರದಕ್ಷಿಣವಾಗಿ ಕಾಲು ಸುತ್ತು ಮಾತ್ರ ಬಿಗಿಮಾಡಿ, ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಗಟ್ಟಿಯಾಗಿ ತಡೆದಂತೆ ಅನಿಸಿದರೆ ಬಲ ಹಾಕದೆ ಬಲ್ಲವರ ಕೈಗೆ ಕೊಡಿ. ಆಮೇಲೆ ದೇಹದ ಮೇಲಿನ ಬ್ರಿಡ್ಜಿನಲ್ಲಿ ತಂತಿಗಳು ಕೂರುವ ಸ್ಯಾಡಲ್‌ಗಳಿಂದ ತಂತಿಯ ಎತ್ತರವನ್ನು ಹೊಂದಿಸಿ; ಹದಿನೇಳನೆಯ ಫ್ರೆಟ್ಟಿನಲ್ಲಿ 1.6 ಮಿ.ಮೀ. ಒಳ್ಳೆಯ ಆರಂಭ.

ಮೇಲಿನ ಫ್ರೆಟ್‌ಗಳಲ್ಲಿ ಅಪಶ್ರುತಿ ಕೇಳುವುದಕ್ಕೆ ಸ್ಯಾಡಲ್‌ಗಳು ಹಿಂದುಮುಂದಾಗಿರುವುದೇ ಕಾರಣವಿರಬೇಕು. ಹನ್ನೆರಡನೆಯ ಫ್ರೆಟ್ ತಂತಿಯ ಉದ್ದದ ನಡುಬಿಂದು. ಅಲ್ಲಿ ಬೆರಳು ಸೋಕಿಸಿ ಹೊರಡಿಸುವ ಹಾರ್ಮೋನಿಕ್ ಸ್ವರವೂ, ಅದೇ ಫ್ರೆಟ್ಟನ್ನು ಒತ್ತಿ ಮೀಟಿದ ಸ್ವರವೂ ಟ್ಯೂನರಿನಲ್ಲಿ ಒಂದೇ ಆಗಿರಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಕತ್ತಿನಿಂದ ದೂರ ಸರಿಸಿ, ಇಳಿದಿದ್ದರೆ ಕತ್ತಿನ ಕಡೆಗೆ ತನ್ನಿ. ಆರು ತಂತಿಗೂ ಇದನ್ನು ಮಾಡಲು ನನಗೆ ಮೊದಲ ಸಲ ಒಂದು ಇಡೀ ಭಾನುವಾರ ಹಿಡಿಯಿತು, ಆದರೆ ಅಂದು ಸಂಜೆ ಅದೇ ಗಿಟಾರಿನಲ್ಲಿ ಮೊದಲ ಬಾರಿ ಒಂದು ಕಾರ್ಡ್ ಪೂರ್ತಿ ಶ್ರುತಿ ಸೇರಿದ್ದನ್ನು ಕೇಳಿದ ಸಂತೋಷ ಇನ್ನೂ ನೆನಪಿದೆ.

ಕೊನೆಯದು ಪಿಕಪ್‌ಗಳ ಎತ್ತರ, ಇದಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು. ಕೊನೆಯ ಫ್ರೆಟ್ಟನ್ನು ಒತ್ತಿ ಹಿಡಿದು, ದಪ್ಪ ತಂತಿಯ ಕಡೆ 2.4 ಮಿ.ಮೀ., ಸಣ್ಣ ತಂತಿಯ ಕಡೆ 2 ಮಿ.ಮೀ. ಅಂತರದಿಂದ ಆರಂಭಿಸಿ. ಪಿಕಪ್ ತೀರ ಹತ್ತಿರವಿದ್ದರೆ ಅದರ ಅಯಸ್ಕಾಂತ ತಂತಿಯನ್ನೇ ಸೆಳೆದು ಸ್ವರ ತೊನೆಯುತ್ತದೆ, ನಾದವೂ ಕಟುವಾಗುತ್ತದೆ. ಕಾಲು ಸುತ್ತು ಇಳಿಸಿ ಕೇಳಿ, ಮತ್ತೆ ಕಾಲು ಸುತ್ತು ಇಳಿಸಿ ಕೇಳಿ. ತಗಡಿನ ಸದ್ದು ಎಂದಿರಲ್ಲ, ಅದರಲ್ಲಿ ಒಂದು ಪಾಲು ಇಲ್ಲಿಯೇ ಕಳೆಯಬಹುದು.

ಉತ್ತರ: ಬೆಸುಗೆ

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಗುಂಯ್ ಸದ್ದಿನ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಅದರಲ್ಲಿ ನಾದಕ್ಕಿಂತ ದೊಡ್ಡ ಸಂಗತಿಯೊಂದಿದೆ.

ತಂತಿ ಮುಟ್ಟಿದಾಗ ಸದ್ದು ಕಡಿಮೆಯಾಗುವುದು ಸಹಜ. ಬ್ರಿಡ್ಜಿನಿಂದ ಒಂದು ವೈರ್ ಒಳಗಿನ ಗ್ರೌಂಡಿಗೆ ಬೆಸೆದಿರುತ್ತದೆ. ನೀವು ತಂತಿ ಮುಟ್ಟಿದಾಗ, ಕೋಣೆಯ ವಿದ್ಯುತ್ ಗದ್ದಲವನ್ನು ಹಿಡಿಯುತ್ತಿದ್ದ ನಿಮ್ಮ ದೇಹವೂ ಆ ಗ್ರೌಂಡಿಗೆ ಸೇರುತ್ತದೆ. ಆದರೆ ಇದರ ಅರ್ಥ ಇನ್ನೊಂದೂ ಇದೆ: ನಿಮ್ಮ ಕೈಯಲ್ಲಿರುವ ಲೋಹದ ತಂತಿ, ಕೇಬಲ್ಲಿನ ಮೂಲಕ ಆ್ಯಂಪಿನ ಲೋಹದ ಚೌಕಟ್ಟಿಗೆ ನೇರವಾಗಿ ಜೋಡಣೆಯಾಗಿದೆ. ಆ್ಯಂಪಿಗೆ ಮೂರು ಪಿನ್ನಿನ ಪ್ಲಗ್ ಇದ್ದು, ಗೋಡೆಯ ಸಾಕೆಟ್ಟಿನ ಮೂರನೆಯ ರಂಧ್ರಕ್ಕೆ ಅರ್ತಿಂಗ್ ಇಲ್ಲದಿದ್ದರೆ, ಒಳಗೆ ಏನಾದರೂ ಕೆಟ್ಟ ದಿನ 230 ವೋಲ್ಟ್ ನಿಮ್ಮ ಬೆರಳಿಗೆ ಬರಬಹುದು. ಹಳೆಯ ಮನೆಗಳಲ್ಲಿ ಆ ರಂಧ್ರದ ಹಿಂದೆ ವೈರೇ ಇಲ್ಲದಿರುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ನಿಮ್ಮ ಐದು ಸಾವಿರದಲ್ಲಿ ಮೊದಲ ಕೆಲವು ನೂರು ರೂಪಾಯಿ ಎಲೆಕ್ಟ್ರಿಷಿಯನ್ನರಿಗೆ ಸಲ್ಲಲಿ. ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಗುಂಯ್ ಸದ್ದನ್ನು ಕಡಿಮೆ ಮಾಡಿಕೊಳ್ಳುವ ಉಪಾಯವನ್ನು ಯಾರೇ ಹೇಳಿದರೂ ಕೇಳಬೇಡಿ.

ಇನ್ನು ಇನ್ವರ್ಟರ್. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಫ್ಯಾನ್ ಗೊರಗುಟ್ಟುವುದನ್ನು ಗಮನಿಸಿರಬೇಕು. ಅದೇ ಗೊರಗುಟ್ಟುವಿಕೆ ಸಿಂಗಲ್ ಕಾಯಿಲ್ ಪಿಕಪ್ಪಿಗೂ ತಾಗುತ್ತದೆ. ಒಂದೇ ಸುರುಳಿಯ ಪಿಕಪ್ ತಂತಿಯ ಕಂಪನವನ್ನು ಹಿಡಿಯುವ ಹಾಗೆಯೇ ಸುತ್ತಲಿನ ಅಯಸ್ಕಾಂತೀಯ ಗದ್ದಲವನ್ನೂ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಹಂಬಕರ್ ರೂಪಿಸಿದ್ದೇ, ಎದುರುಬದುರಾಗಿ ಸುತ್ತಿದ ಎರಡು ಸುರುಳಿಗಳಿಂದ ಈ ಗದ್ದಲವನ್ನು ಅಳಿಸಲು. ನಿಮ್ಮ ಗಿಟಾರಿನ ಪಿಕಪ್ ಆರಿಸುವ ಸ್ವಿಚ್ಚನ್ನು ಎರಡನೆಯ ಅಥವಾ ನಾಲ್ಕನೆಯ ಸ್ಥಾನಕ್ಕೆ ತನ್ನಿ. ನಡುವಿನ ಪಿಕಪ್ಪನ್ನು ತಿರುಗುಮುರುಗಾಗಿ ಸುತ್ತಿದ್ದರೆ ಅಲ್ಲಿ ಗುಂಯ್ ಸದ್ದು ತಟ್ಟನೆ ಇಳಿಯುತ್ತದೆ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಫೋನ್ ಚಾರ್ಜರ್‌ಗಳಿಂದ ದೂರ ಕೂತು, ಗಿಟಾರ್ ಹಿಡಿದು ನಿಧಾನವಾಗಿ ತಿರುಗಿದರೆ ಸದ್ದು ಅತಿ ಕಡಿಮೆ ಇರುವ ಒಂದು ದಿಕ್ಕು ಸಿಗುತ್ತದೆ.

ಗಿಟಾರಿನ ಮುಂಭಾಗದ ಫಲಕವಾದ ಪಿಕ್‌ಗಾರ್ಡ್ ಬಿಚ್ಚಿ ಒಳಗೋಡೆಗೆ ತಾಮ್ರದ ಹಾಳೆಯ ಟೇಪ್ ಅಂಟಿಸಿ ಗ್ರೌಂಡಿಗೆ ಬೆಸೆಯುವುದು ಎರಡನೆಯ ಹಂತ. ಟೇಪ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಇದು ಚರಪರ ಸದ್ದನ್ನು ತಗ್ಗಿಸುತ್ತದೆ, ಆದರೆ ಟ್ರಾನ್ಸ್‌ಫಾರ್ಮರಿನ 50 ಹರ್ಟ್ಜ್ ಗುಂಯ್ ಸದ್ದನ್ನು ಪೂರ್ತಿ ನಿಲ್ಲಿಸದು.

ಉತ್ತರ: ಏಳನೆಯ ಫ್ರೆಟ್

ನಾನು ಒಂದು ವಿಷಯದಲ್ಲಿ ಮೇಲೆ ಉತ್ತರಿಸಿದ ಗೆಳೆಯರ ಮಾತನ್ನು ಒಪ್ಪುವುದಿಲ್ಲ. ಗಿಟಾರನ್ನು ಎಷ್ಟೇ ಹದಮಾಡಿದರೂ ಪಿಕಪ್ ಅಗ್ಗದ್ದಾದರೆ ಮೂಲ ಧ್ವನಿಯೇ ಬಡವಾಗಿರುತ್ತದೆ. ನಾನು ಕಳೆದ ವರ್ಷ ಬ್ರಿಡ್ಜ್ ಪಿಕಪ್ ಬದಲಿಸಿದೆ, ವ್ಯತ್ಯಾಸ ಸ್ಪಷ್ಟವಾಗಿತ್ತು. ಉಳಿದ ಹಣವನ್ನು ಅದಕ್ಕೆ ಹಾಕುವುದೇ ಉತ್ತಮ.

ಉತ್ತರ: ಮಂದ್ರಸ್ಥಾಯಿ

ತಾವು ಯಾವ ಸ್ಪೀಕರಿನಲ್ಲಿ ಆ ವ್ಯತ್ಯಾಸ ಕೇಳಿದಿರಿ ಎಂಬುದು ಇಲ್ಲಿ ಮುಖ್ಯ. ಹನ್ನೆರಡು ಇಂಚಿನ ಸ್ಪೀಕರ್ ಇದ್ದರೆ ತಮ್ಮ ಮಾತನ್ನು ಖಂಡಿತ ಒಪ್ಪುತ್ತೇನೆ. ಆದರೆ ಆರು ಇಂಚಿನ ಸ್ಪೀಕರ್ ಎಂಬ ಕಿರಿದಾದ ಬಾಗಿಲಿನಿಂದ ಹೊರಗೆ ಬರುವುದು ಅಷ್ಟೇ. ಒಳಗೆ ಎಷ್ಟು ಒಳ್ಳೆಯದನ್ನು ಕಳಿಸಿದರೂ ಅದು ತನ್ನ ಅಳತೆಗೆ ಕತ್ತರಿಸಿಯೇ ಹೊರಬಿಡುತ್ತದೆ. ಗಿಟಾರಿನ ಅತಿ ದಪ್ಪ ತಂತಿಯ ಮೂಲ ಸ್ವರ ಸುಮಾರು 82 ಹರ್ಟ್ಜ್, ಅದನ್ನು ಆ ಪುಟ್ಟ ಪೆಟ್ಟಿಗೆ ಬಹುಮಟ್ಟಿಗೆ ಹೊರಡಿಸಲಾರದು. ಬಾಸ್ ಗುಂಡಿಯನ್ನು ಹತ್ತಕ್ಕೆ ತಿರುಗಿಸಿದರೆ ಕೋನ್ ಪಟಪಟ ಬಡಿದುಕೊಂಡು, ಇರುವ ಹತ್ತು ವ್ಯಾಟೂ ಅದರಲ್ಲೇ ಖರ್ಚಾಗುತ್ತದೆ.

ಆದ್ದರಿಂದ ತುಂಗಾತೀರ ಅವರೇ, ಆ್ಯಂಪ್ ಬದಲಿಸುವ ಮೊದಲು ಅದನ್ನು ಬಳಸುವ ರೀತಿಯನ್ನು ಬದಲಿಸಿ. ನೆಲದ ಮೇಲಿಂದ ಎತ್ತಿ ಕುರ್ಚಿಯ ಮೇಲಿಡಿ, ಸ್ಪೀಕರಿನ ಮುಖ ನಿಮ್ಮ ಕಿವಿಯ ಕಡೆಗಿರಲಿ. ಟ್ರೆಬಲ್ ನೇರವಾಗಿ ಮುಂದಕ್ಕೇ ಹೋಗುವ ಧ್ವನಿ. ಆ್ಯಂಪ್ ಕಾಲ ಬಳಿ ಇದ್ದರೆ ಅದು ನಿಮ್ಮ ಮೊಣಕಾಲಿಗೆ ಕೇಳುತ್ತದೆಯೇ ಹೊರತು ನಿಮಗಲ್ಲ, ನೀವು ಟ್ರೆಬಲ್ ಏರಿಸುತ್ತೀರಿ, ಎದುರಿಗೆ ಕೂತವರು ಕಿವಿ ಮುಚ್ಚಿಕೊಳ್ಳುತ್ತಾರೆ. ಆ್ಯಂಪಿನ ಬೆನ್ನನ್ನು ಗೋಡೆಯ ಮೂಲೆಗೆ ಹತ್ತಿರವಿಟ್ಟರೆ ಗೋಡೆಗಳೇ ಸ್ವಲ್ಪ ಬಾಸನ್ನು ಪುಕ್ಕಟೆಯಾಗಿ ಸೇರಿಸಿಕೊಡುತ್ತವೆ. ಬಾಸ್ 4, ಮಿಡ್ 7, ಟ್ರೆಬಲ್ 5ರಿಂದ ಆರಂಭಿಸಿ. ಮಿಡ್ ಇಳಿಸಿ ಬಾಸ್ ಟ್ರೆಬಲ್ ಎರಡನ್ನೂ ಏರಿಸುವುದು ಹೊಸಬರೆಲ್ಲರ ಮೊದಲ ಆಸೆ, ಏಕೆಂದರೆ ಮೆಲುದನಿಯಲ್ಲಿ ನಮ್ಮ ಕಿವಿಗೆ ಅವೆರಡೂ ಕಡಿಮೆ ಕೇಳುತ್ತವೆ. ಆದರೆ ಗಿಟಾರಿನ ಮಾತು ಇರುವುದೆಲ್ಲ ನಡುವಿನಲ್ಲಿ.

ಓವರ್‌ಡ್ರೈವ್ ಗುಂಡಿಯನ್ನು ಮುಟ್ಟದೆ, ಗೇನ್ ಇದ್ದರೆ ಅದನ್ನು ನಾಲ್ಕರೊಳಗಿಟ್ಟು ಗಟ್ಟಿಯಾಗಿ ಮೀಟಿದಾಗ ಮಾತ್ರ ಒಡೆಯುವ ಬಿಂದುವನ್ನು ಹುಡುಕಿ. ಮೆಲ್ಲಗೆ ಮೀಟಿದಾಗ ಅದು ಮತ್ತೆ ತಿಳಿಯಾಗಬೇಕು. ನಿಮಗೆ ಬೇಕಾದ ಬ್ಲೂಸ್ ನಾದ ಇರುವುದು ಆ ಎರಡರ ನಡುವಿನ ಗೆರೆಯ ಮೇಲೆ.

ಸಣ್ಣ ಆ್ಯಂಪಿನಿಂದ ಏನಾದೀತು ಎಂದು ಮನಸ್ಸು ಕುಗ್ಗಿಸಿಕೊಳ್ಳಬೇಡಿ. ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ಬಾಸ್ ವಾದಕ ಜಾನ್ ಡೀಕನ್ 1970ರ ದಶಕದ ಆರಂಭದಲ್ಲಿ ಕಸದ ರಾಶಿಯಲ್ಲಿ ಸಿಕ್ಕ ಒಂದು ಸರ್ಕ್ಯೂಟ್ ಬೋರ್ಡನ್ನು ಪುಟ್ಟ ಸ್ಪೀಕರ್ ಪೆಟ್ಟಿಗೆಯಲ್ಲಿ ಕೂರಿಸಿ, ಒಂಬತ್ತು ವೋಲ್ಟಿನ ಬ್ಯಾಟರಿಯಲ್ಲಿ ನಡೆಯುವ ಆ್ಯಂಪ್ ಮಾಡಿದರು. ಅದೇ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ತಮ್ಮ ರೆಕಾರ್ಡಿಂಗ್‌ಗಳಲ್ಲಿ ಅದನ್ನು ಮತ್ತೆ ಮತ್ತೆ ಬಳಸಿದರು. ಅವರ ಗಿಟಾರೂ ತಂದೆ ಮಗ ಸೇರಿ ಮನೆಯಲ್ಲೇ ಮಾಡಿದ್ದು, ಅದರ ಕತ್ತು ಹಳೆಯ ಬೆಂಕಿಗೂಡಿನ ಮರದ್ದು.

ಉತ್ತರ: ಬೆಸುಗೆ

ಹಣ ಹಾಕುವುದೇ ಆದರೆ ನನ್ನ ಸಲಹೆ ಹೀಗಿದೆ. ಮನೆಯಲ್ಲಿ ಕಂಪ್ಯೂಟರ್ ಮತ್ತು ಒಳ್ಳೆಯ ಹೆಡ್‌ಫೋನ್ ಇದ್ದರೆ, ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಸೆಕೆಂಡ್ ಹ್ಯಾಂಡ್ ಆಡಿಯೊ ಇಂಟರ್‌ಫೇಸ್ ಹುಡುಕಿ. ಅದರಲ್ಲಿ ಗಿಟಾರಿಗೆಂದೇ ಇರುವ ಇನ್‌ಸ್ಟ್ರುಮೆಂಟ್ ಇನ್‌ಪುಟ್ ಇರಲೇಬೇಕು. ಮೈಕ್ ಜ್ಯಾಕಿಗೆ ನೇರವಾಗಿ ಚುಚ್ಚಿದರೆ ಪಿಕಪ್ಪಿನ ಮೇಲೆ ಹೊರೆ ಬಿದ್ದು ನಾದ ಮಂಕಾಗುತ್ತದೆ. ನ್ಯೂರಲ್ ಆ್ಯಂಪ್ ಮಾಡೆಲರ್ ಆ್ಯಂಪಿನ ನಾದವನ್ನು ಅನುಕರಿಸುವ ಉಚಿತ ತಂತ್ರಾಂಶ, ಲಿನಕ್ಸ್ ಬಳಸುವವರಿಗೆ ಗಿಟಾರಿಕ್ಸ್ ಇದೆ. 48,000 ಹರ್ಟ್ಜ್‌ನಲ್ಲಿ ಬಫರ್ (ಕಂಪ್ಯೂಟರ್ ಒಮ್ಮೆಗೆ ಸಂಸ್ಕರಿಸುವ ಧ್ವನಿಮಾದರಿಗಳ ಸಂಖ್ಯೆ) 128 ಇಟ್ಟರೆ ಒಂದು ಬಫರಿನಿಂದಾಗುವ ವಿಳಂಬ ಮೂರು ಮಿಲಿಸೆಕೆಂಡಿಗಿಂತ ಕಡಿಮೆ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡ. ಮೀಟಿದ್ದಕ್ಕೂ ಕೇಳಿದ್ದಕ್ಕೂ ನಡುವೆ ತಾಳವೇ ತಪ್ಪುತ್ತದೆ.

ಅಂಗಡಿಯವರು ಹೇಳಿದ ಮಲ್ಟಿ ಎಫೆಕ್ಟ್ಸ್ ಕೂಡ ಕೆಟ್ಟ ಸಲಹೆಯಲ್ಲ. ಕೊಂಡರೆ ಒಂದನ್ನು ನೆನಪಿಡಿ: ಹೆಡ್‌ಫೋನಿನಲ್ಲಿ ಕೇಳುವಾಗ ಅದರ ಕ್ಯಾಬಿನೆಟ್ ಸಿಮ್ಯುಲೇಶನ್ (ಸ್ಪೀಕರ್ ಪೆಟ್ಟಿಗೆಯ ಧ್ವನಿಯ ಅನುಕರಣೆ) ಆನ್ ಇರಲಿ, ಗಿಟಾರ್ ಆ್ಯಂಪಿಗೆ ಚುಚ್ಚಿದಾಗ ಆಫ್ ಮಾಡಿ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಜ್ ಮೇಲಿನದನ್ನು ತಾನೇ ಸೋಸಿಬಿಡುತ್ತದೆ. ಆ ಸೋಸುವಿಕೆ ಇಲ್ಲದೆ ಕೇಳಿದರೆ ನಿಮ್ಮ ಜೀರುಂಡೆಗಳು ಮರಳಿ ಬರುತ್ತವೆ, ಎರಡು ಸಲ ಸೋಸಿದರೆ ಕಂಬಳಿ ಹೊದಿಸಿದಂತಾಗುತ್ತದೆ.

ಪ್ರಶ್ನೆ ಕೇಳಿದವರು: ತುಂಗಾತೀರ

ಮೂರು ವಾರ ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಎಲೆಕ್ಟ್ರಿಷಿಯನ್ ಬಂದು ನೋಡಿದರು; ನನ್ನ ಕೋಣೆಯ ಸಾಕೆಟ್ಟಿಗೆ ಅರ್ತಿಂಗ್ ವೈರ್ ಇರಲೇ ಇಲ್ಲ. ಈಗ ಎಳೆಸಿದ್ದೇವೆ. ಹೊಸ ತಂತಿ ಹಾಕಿ ಸ್ಯಾಡಲ್‌ಗಳನ್ನು ಸರಿಸಿದೆ, ಮೂರನೆಯ ತಂತಿಯದು ಸುಮಾರು ಎರಡು ಮಿ.ಮೀ. ಹಿಂದಕ್ಕೆ ಹೋಯಿತು. ಬ್ರಿಡ್ಜ್ ಪಿಕಪ್ಪನ್ನು ಒಂದೂವರೆ ಸುತ್ತು ಇಳಿಸಿದ ಮೇಲೆ ನಾದ ದುಂಡಗಾಗಿದೆ. ಅಮ್ಮ ಅಡುಗೆಮನೆಯಿಂದ ಬಂದು, ಇಂದು ಬೇರೆ ಗಿಟಾರ್ ತಂದೆಯಾ ಎಂದು ಕೇಳಿದರು. ಒಟ್ಟು ಖರ್ಚು ಇನ್ನೂ ಎರಡು ಸಾವಿರ ದಾಟಿಲ್ಲ, ಇಂಟರ್‌ಫೇಸ್ ಹುಡುಕುತ್ತಿದ್ದೇನೆ.

ಒಂದು ತೊಂದರೆ ಮಾತ್ರ ಉಳಿದಿದೆ. ಮೂರನೆಯ ತಂತಿಯನ್ನು ಎಳೆದು ಬಿಟ್ಟಾಗ ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಸಣ್ಣ ಪಟ್ಟಿ) ಕಡೆಯಿಂದ ಟಿಕ್ ಎಂಬ ಸದ್ದು ಬಂದು ಶ್ರುತಿ ಸ್ವಲ್ಪ ಜಾರುತ್ತದೆ.

ಉತ್ತರ: ಮಂದ್ರಸ್ಥಾಯಿ

ತಂತಿ ನಟ್ಟಿನ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ತಂತಿಯನ್ನು ಸಡಿಲಿಸಿ ಸೀಳಿನಿಂದ ಎತ್ತಿ, ಚೂಪು ಮಾಡಿದ ಪೆನ್ಸಿಲಿನ ಮೊನೆಯನ್ನು ಸೀಳಿನೊಳಗೆ ಚೆನ್ನಾಗಿ ಉಜ್ಜಿ, ಆ ಗ್ರಾಫೈಟ್ ಪುಡಿಯ ಮೇಲೆಯೇ ತಂತಿಯನ್ನು ಮರಳಿ ಕೂರಿಸಿ. ಜೊತೆಗೆ ಬ್ರಿಡ್ಜನ್ನು ಅಲುಗಿಸುವ ಟ್ರೆಮೊಲೊ ಹಿಡಿಯನ್ನು ಬಳಸುವುದಿಲ್ಲವಾದರೆ, ಹಿಂಬದಿಯ ಮುಚ್ಚಳ ತೆಗೆದು ಸ್ಪ್ರಿಂಗ್‌ಗಳನ್ನು ಹಿಡಿದಿರುವ ಎರಡು ಸ್ಕ್ರೂಗಳನ್ನು ಬ್ರಿಡ್ಜ್ ದೇಹಕ್ಕೆ ತಾಗಿ ಕೂರುವವರೆಗೆ ಬಿಗಿಮಾಡಿ. ಆಗ ಒಂದು ತಂತಿಯನ್ನು ಎಳೆದಾಗ ಉಳಿದ ಐದು ಇಳಿಯುವುದಿಲ್ಲ. ಹಾಗೆ ಬಿಗಿಮಾಡಿದ ಮೇಲೆ ತಂತಿಯ ಎತ್ತರವನ್ನೂ ಹನ್ನೆರಡನೆಯ ಫ್ರೆಟ್ಟಿನ ಪರೀಕ್ಷೆಯನ್ನೂ ಇನ್ನೊಮ್ಮೆ ನೋಡಿಕೊಳ್ಳಬೇಕು. ಆದರೆ ಪೆನ್ಸಿಲಿನ ಕೆಲಸವನ್ನು ಮೊದಲು ಮಾಡಿ ನೋಡಿ, ಹತ್ತು ನಿಮಿಷ ಸಾಕು.