‘ಕವರ್ ವರ್ಷನ್’: ಮರುಗಾಯನವೇ, ಬೇರೆಯೇ?

ಪ್ರಶ್ನೆ:
ಮಾನ್ಯರೇ, ‘ಕ್ರೈಯಿಂಗ್ ಇನ್ ದ ಚ್ಯಾಪೆಲ್’ ಎಂಬ ಅಮೆರಿಕದ ಕಂಟ್ರಿ ಗಾಸ್ಪೆಲ್ (ಹಳ್ಳಿಸೊಗಡಿನ ಕ್ರೈಸ್ತ ಭಕ್ತಿಗೀತೆ) ಹಾಡಿನ ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ಆರ್ಟಿ ಗ್ಲೆನ್ ಬರೆದ ಈ ಹಾಡನ್ನು 1953ರಲ್ಲಿ ಅವರ ಮಗ ಡ್ಯಾರೆಲ್ ಗ್ಲೆನ್ ಮೊದಲು ಹಾಡಿದರು. ಅದೇ ವರ್ಷ ರೆಕ್ಸ್ ಆಲನ್, ಜೂನ್ ವ್ಯಾಲಿ ಮತ್ತು ಓರಿಯೋಲ್ಸ್ ತಂಡದವರು ತಂತಮ್ಮ ಧ್ವನಿಮುದ್ರಿಕೆಗಳನ್ನು ಹೊರತಂದರು. ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಹಾಡಿ ಮುದ್ರಿಸಿದ ಇಂಥವನ್ನೆಲ್ಲ ಮೂಲ ಲೇಖನ ‘ಕವರ್’ ಎನ್ನುತ್ತದೆ. ‘ಮರುಗಾಯನ’ ಎಂದರೆ ಸರಿಹೋದೀತೆ?

ಉತ್ತರ:
ಸರಿಹೋಗದು. ‘ಮರು’ ಕನ್ನಡ, ‘ಗಾಯನ’ ಸಂಸ್ಕೃತ, ಅರಿಸಮಾಸ. ‘ಮರುಹಾಡಿಕೆ’ ಎನ್ನಿ.

ಉತ್ತರ:
‘ಮರುಮುದ್ರಣ’, ‘ಮರುಪರಿಶೀಲನೆ’ಗಳನ್ನು ನಿತ್ಯವೂ ಬರೆಯುವ ನಾವು ಇಲ್ಲಿ ಮಾತ್ರ ಅರಿಸಮಾಸವೆಂದು ಹುಬ್ಬು ಗಂಟಿಕ್ಕುವುದು ಹಾಸ್ಯಾಸ್ಪದ. ದೋಷವಿರುವುದು ಸಮಾಸದಲ್ಲಲ್ಲ, ‘ಮರು’ವಿನಲ್ಲೇ. ಆ ಪದ ಬಂದೊಡನೆ ಮೊದಲಿನದು ಮುಗಿದು ಎರಡನೆಯದು ಹುಟ್ಟಿತೆಂಬ ಕಾಲಕ್ರಮ ಮನಸ್ಸಿಗೆ ಬರುತ್ತದೆ. ಆದರೆ ನಾಕ್ಸ್‌ವಿಲ್‌ನ ವ್ಯಾಲಿ ಎಂಬ ಸಣ್ಣ ಕಂಪನಿಯ ಡ್ಯಾರೆಲ್ ಗ್ಲೆನ್ ಗ್ರಾಮಫೋನ್ ತಟ್ಟೆ ಇನ್ನೂ ಮಾರಾಟವಾಗುತ್ತಿರುವಾಗಲೇ ಕಂಟ್ರಿ ಕೇಳುಗರಿಗೆ ಡೆಕ್ಕಾ ಕಂಪನಿಯಿಂದ ಆಲನ್, ಪಾಪ್ ಕೇಳುಗರಿಗೆ ಆರ್‌ಸಿಎ ವಿಕ್ಟರ್‌ನಿಂದ ಗಾಯಕಿ ಜೂನ್ ವ್ಯಾಲಿ, ರಿದಮ್ ಅಂಡ್ ಬ್ಲೂಸ್ (ಅಮೆರಿಕದ ಕಪ್ಪು ಜನರ ಜನಪ್ರಿಯ ಸಂಗೀತ) ಕೇಳುಗರಿಗೆ ಜುಬಿಲಿಯಿಂದ ಓರಿಯೋಲ್ಸ್ ಮಾರುಕಟ್ಟೆಗೆ ಇಳಿದಿದ್ದರು; ಓರಿಯೋಲ್ಸ್‌ನದು ರಿದಮ್ ಅಂಡ್ ಬ್ಲೂಸ್ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅಮೆರಿಕದ 1909ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ, ಹಾಡಿನ ಒಡೆಯರ ಒಪ್ಪಿಗೆಯಿಂದ ಒಮ್ಮೆ ಮುದ್ರಣವಾದ ಹಾಡನ್ನು ಯಾರು ಬೇಕಾದರೂ ತಟ್ಟೆಯೊಂದಕ್ಕೆ 2 ಸೆಂಟ್ ತೆತ್ತು ಮುದ್ರಿಸಬಹುದಿತ್ತು. ಮೊದಲು ಹಾಡಿದವರ ಅನುಮತಿ ಬೇಕಿರಲಿಲ್ಲ. ಯಾರ ತಟ್ಟೆ ಖರ್ಚಾದರೂ ಹಾಡಿನ ಒಡೆಯರಿಗೆ ಪಾಲು ಸಲ್ಲುತ್ತಿದ್ದುದರಿಂದ ಜಿದ್ದಿದ್ದುದು ಗಾಯಕರ ಮತ್ತು ಕಂಪನಿಗಳ ನಡುವೆ. ಆದ್ದರಿಂದ 1953ರವಕ್ಕೆ ‘ಪೈಪೋಟಿ ಧ್ವನಿಮುದ್ರಿಕೆ’ ಎನ್ನಿ. ಎಲ್ವಿಸ್ ಪ್ರೀಸ್ಲಿ 1960ರಲ್ಲಿ ಹಾಡಿ, 1965ರಲ್ಲಿ ಬಿಡುಗಡೆಯಾಗಿ ಬ್ರಿಟನ್ನಿನಲ್ಲಿ ಅಗ್ರಸ್ಥಾನಕ್ಕೇರಿದ ಮುದ್ರಿಕೆ ನಿಮ್ಮ ಲೇಖನದಲ್ಲಿದ್ದರೆ ಅದನ್ನು ಧಾರಾಳವಾಗಿ ‘ಮರುಗಾಯನ’ ಎನ್ನಬಹುದು. ಇಂಗ್ಲಿಷಿನವರು ಒಂದೇ ಪದದಲ್ಲಿ ಮುಗಿಸಿದ್ದಾರೆಂದು ನಾವೂ ಹಾಗೇ ಮುಗಿಸಬೇಕಿಲ್ಲ.

ಉತ್ತರ:
‘ಧ್ವನಿಮುದ್ರಿಕೆ’ಯೂ ಸಂಸ್ಕೃತವೇ. ‘ಪೈಪೋಟಿಹಾಡಿಕೆ’ ಸಾಕು.

ಉತ್ತರ:
ಯುವಜನರೆಲ್ಲ ‘ಕವರ್ ಸಾಂಗ್’ ಎನ್ನುತ್ತಿರುವಾಗ ಈ ಕಸರತ್ತು ಯಾರಿಗಾಗಿ? ‘ರೇಡಿಯೋ’ವನ್ನು ಅರಗಿಸಿಕೊಂಡ ಭಾಷೆಗೆ ‘ಕವರ್’ ಭಾರವಾಗಲಾರದು.

ಉತ್ತರ:
ರೇಡಿಯೋ ಎಂಬ ಹೆಸರು ಹೊಸ ವಸ್ತುವಿನೊಡನೆ ಬಂತು, ಅದರ ಸ್ಥಳದಲ್ಲಿ ಬೇರೆ ಪದವಿರಲಿಲ್ಲ. ‘ಕವರ್’ ಕನ್ನಡಕ್ಕೆ ಆಗಲೇ ಬಂದು ಬೇರೆ ಕೆಲಸಗಳಿಗೆ ನಿಂತಿದೆ: ಅಂಚೆಯಲ್ಲಿ ಅದು ಲಕೋಟೆ, ಕಿರಾಣಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲ, ಪುಸ್ತಕಕ್ಕೆ ಹೊದಿಕೆ. ‘ಜೂನ್ ವ್ಯಾಲಿಯವರ ಕವರ್’ ಎಂದು ಓದಿದ ಓದುಗ ಆ ತಟ್ಟೆಯ ರಟ್ಟಿನ ಹೊದಿಕೆಯನ್ನೇ ನೆನೆಯುವ ಸಂಭವ ಹೆಚ್ಚು. ಎರವಲಿಗೆ ನನ್ನ ವಿರೋಧವಿಲ್ಲ, ಗೊಂದಲಕ್ಕಿದೆ.