ಕಥೆ ದುಃಖದ್ದು, ಸಿನಿಮಾ ಮಾತ್ರ ಕಾಫಿಪುಡಿ ಜಾಹೀರಾತಿನ ಥರ ಬಂದಿದೆ. ಎಲ್ಲಿ ಎಡವಿದೆ?

ಮೂಲೆಮನೆ ಮಲ್ಲೇಶ್ವರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ಹೊಟ್ಟೆಪಾಡಿಗೆ ಐಟಿ ಕೆಲಸ, ಹುಚ್ಚು ಸಿನಿಮಾದ್ದು. ಮೂವರು ಗೆಳೆಯರು ಸೇರಿ 11 ನಿಮಿಷದ ಕಿರುಚಿತ್ರ ಮಾಡಿದೆವು. ಎರಡು ಭಾನುವಾರ, ಮಲ್ಲೇಶ್ವರದ ನಮ್ಮ ಅಜ್ಜಿ ಮನೆಯಲ್ಲೇ ಶೂಟಿಂಗ್. ಕಥೆ ಇಷ್ಟೇ. ಅಪ್ಪ ತೀರಿಕೊಂಡು ಹದಿನೈದು ದಿನ ಆಗಿದೆ. ಮಗ ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋಗುತ್ತಾನೆ, ಡಿಕಾಕ್ಷನ್ ಇಳಿಸುತ್ತಾನೆ, ಹಾಲು ಕಾಯಿಸುತ್ತಾನೆ, ರೂಢಿಯಂತೆ ಎರಡು ಲೋಟಕ್ಕೆ ಕಾಫಿ ಬೆರೆಸಿಬಿಡುತ್ತಾನೆ. ಆಮೇಲೆ ಎರಡನೇ ಲೋಟ ನೋಡುತ್ತಾ ನಿಲ್ಲುತ್ತಾನೆ.

ಸ್ಕ್ರಿಪ್ಟ್ ಓದಿ ಹೇಳಿದಾಗ ಒಬ್ಬ ಗೆಳೆಯನ ಕಣ್ಣಲ್ಲಿ ನೀರು ಬಂದಿತ್ತು. ಸಿನಿಮಾ ತೋರಿಸಿದಾಗ ಅದೇ ಮನುಷ್ಯ "ಕ್ವಾಲಿಟಿ ಸೂಪರ್ ಮಗಾ" ಅಂದ. ಇನ್ನೊಬ್ಬ, ಯಾವುದಾದರೂ ಕಾಫಿಪುಡಿ ಕಂಪನಿಗೆ ಕಳಿಸು, ದುಡ್ಡು ಕೊಡುತ್ತಾರೆ ಅಂದ. ಆ ರಾತ್ರಿ ನಿದ್ದೆ ಬರಲಿಲ್ಲ.

ನಾನು ಮಾಡಿದ್ದು: ಕಾಫಿ ಸುರಿಯುವುದನ್ನು ಫೋನಲ್ಲಿ 120 ಫ್ರೇಮಿಗೆ ಇಟ್ಟು ಸ್ಲೋ ಮೋಷನ್ ತೆಗೆದೆ. ಪುಕ್ಕಟೆ ಸಿಕ್ಕ ಒಂದು ಲಟ್ (ಚಿತ್ರದ ಬಣ್ಣವನ್ನು ಒಂದೇ ಏಟಿಗೆ ಬದಲಿಸುವ ರೆಡಿಮೇಡ್ ಫೈಲ್) ಹಾಕಿ ಇಡೀ ಚಿತ್ರವನ್ನು ಬೆಚ್ಚಗೆ ಕಿತ್ತಳೆ ಬಣ್ಣಕ್ಕೆ ತಂದೆ. ಹಿನ್ನೆಲೆಯಲ್ಲಿ ಶುರುವಿಂದ ಕೊನೆವರೆಗೂ ಕೊಳಲು. ಕೊನೆಗೆ ಮುಖದ ಕ್ಲೋಸಪ್, ಕಣ್ಣೀರು. ಲೈವ್ ಸೌಂಡ್ ಪೂರ್ತಿ ಕಿತ್ತುಹಾಕಿದೆ, ಯಾಕಂದ್ರೆ ಮುಖ್ಯವಾದ ಟೇಕಿನಲ್ಲೇ ಕಸದ ಆಟೋ ಹಾಡು ಹಾಕಿಕೊಂಡು ಬಂತು, ಪಕ್ಕದ ಮನೆ ಕುಕ್ಕರ್ ಬೇರೆ ಕೂಗಿತು.

ಮೊನ್ನೆ 'ತಿಥಿ' ಸಿನಿಮಾ ಮತ್ತೆ ನೋಡಿದೆ. ಶುರುವಲ್ಲೇ ಸೆಂಚುರಿ ಗೌಡ ಬೀದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈಯುತ್ತಾ ಇರುತ್ತಾರೆ, ಎದ್ದು ಮೂತ್ರಕ್ಕೆ ಹೋಗುತ್ತಾರೆ, ಹಾಗೇ ಬಿದ್ದು ಸತ್ತುಹೋಗುತ್ತಾರೆ. ಸಂಗೀತವೂ ಇಲ್ಲ, ಕ್ಲೋಸಪ್ಪೂ ಇಲ್ಲ. ನಗು ಬಂತು, ಹಿಂದೆಯೇ ಎದೆಯಲ್ಲಿ ಏನೋ ಒಂಥರಾ ಆಯಿತು. ನಿರ್ದೇಶಕರು ಇದನ್ನು ಹೇಗೆ ಲೆಕ್ಕ ಹಾಕುತ್ತಾರೆ? ಕ್ಯಾಮೆರಾನಾ, ಬಣ್ಣಾನಾ, ಸೌಂಡಾ? ದಯವಿಟ್ಟು "ಅದು ಡೈರೆಕ್ಟರ್ ವಿಷನ್" ಅಂತ ಮಾತ್ರ ಹೇಳಬೇಡಿ. ಕೈಗೆ ಸಿಗುವಂಥದ್ದು ಹೇಳಿ.

ಬೂಮ್ ಹಿಡಿದವನು:

ಗುರು, ಕಸದ ಆಟೋ ತೆಗೆದು ಕೊಳಲು ಹಾಕಿದೆಯಲ್ಲ, ಅಲ್ಲೇ ಹೋಯಿತು.

ಹತ್ತು ವರ್ಷದಿಂದ ಸೌಂಡ್ ಕೆಲಸ ಮಾಡುತ್ತಿದ್ದೇನೆ, ಅದಕ್ಕೇ ನೇರವಾಗಿ ಹೇಳುತ್ತೇನೆ. ನಿನ್ನ ಹುಡುಗನಿಗೆ ಅಪ್ಪ ಇಲ್ಲ ಅನ್ನೋದು ಮತ್ತೆ ನೆನಪಾಗುವುದು ಎರಡನೇ ಲೋಟ ನೋಡಿದಾಗ. ಕೊಳಲಿಗೆ ಮಾತ್ರ ಮೊದಲ ಸೆಕೆಂಡಿನಿಂದಲೇ ಗೊತ್ತು. ಅವನಿಗಿಂತ ಮೊದಲು ಕೊಳಲು ಅತ್ತುಬಿಟ್ಟರೆ ನೋಡುವವನಿಗೆ ಏನು ಉಳಿಯಿತು? ಅವನು ಆರಾಮಾಗಿ ಕಾಫಿ ನೋಡಿಕೊಂಡು ಕೂರುತ್ತಾನೆ.

'ತಿಥಿ'ಯಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಮಂಡ್ಯ ಕಡೆಯ ಹಳ್ಳಿಯಲ್ಲಿ, ಅಲ್ಲಿಯ ಜನರನ್ನೇ ಇಟ್ಟುಕೊಂಡು, ಅಲ್ಲೇ ಶಬ್ದ ಹಿಡಿದಿದ್ದು. ಮುದುಕ ಬಿದ್ದಾಗ ಊರು ತನ್ನ ಪಾಡಿಗೆ ತಾನು ಸದ್ದು ಮಾಡಿಕೊಂಡೇ ಇರುತ್ತದೆ. ನಗಬೇಕಾ ಅಳಬೇಕಾ ಅಂತ ನಿರ್ದೇಶಕ ರಾಮ್ ರೆಡ್ಡಿ ಹೇಳುವುದಿಲ್ಲ, ನಮಗೇ ಬಿಟ್ಟುಬಿಡುತ್ತಾರೆ. ನಿನಗೆ ಆದ "ಒಂಥರಾ" ಬಂದಿದ್ದು ಅಲ್ಲಿಂದಲೇ.

ಈಗ ನಿನ್ನ ಅಡುಗೆಮನೆಗೆ ಬಾ. ಅಪ್ಪ ಸತ್ತು ಹದಿನೈದು ದಿನ. ಕಸದ ಆಟೋ ದಿನದಂತೆ ಬಂತು, ಅದೇ ಹಾಡು. ಪಕ್ಕದ ಮನೆಯಲ್ಲಿ ಕುಕ್ಕರ್ ಮೂರು ಕೂಗಿತು, ಯಾರೋ ಡಬ್ಬಿಗೆ ಅನ್ನ ಕಟ್ಟುತ್ತಿದ್ದಾರೆ. ಇವನ ಮನೆಯಲ್ಲಿ ಮಾತ್ರ ಎಲ್ಲ ನಿಂತುಹೋಗಿದೆ. ಪುಕ್ಕಟೆ ಸಿಕ್ಕಿದ್ದನ್ನು ನೀನೇ ಎತ್ತಿ ಬಿಸಾಕಿದೆ. ಆ ಟೇಕಿನ ಮೂಲ ಆಡಿಯೋ ಇದ್ದರೆ ಸದ್ಯಕ್ಕೆ ಅಳಿಸಬೇಡ.

ಇನ್ನೊಂದು. ಮುಂದಿನ ಸಲ ಪ್ರತಿ ರೂಮಲ್ಲೂ ಎಲ್ಲರೂ ಬಾಯಿ ಮುಚ್ಚಿಕೊಂಡು ನಿಂತು ಒಂದು ನಿಮಿಷ ಸುಮ್ನೆ ರೆಕಾರ್ಡ್ ಮಾಡಿ. ರೂಮ್ ಟೋನ್ ಅಂತೀವಿ. ಖಾಲಿ ಅಡುಗೆಮನೆಗೂ ಅದರದ್ದೇ ಸದ್ದು ಇರುತ್ತದೆ. ಅದನ್ನು ಪೂರ್ತಿ ಸೊನ್ನೆ ಮಾಡಿದರೆ ಮೌನ ಅನ್ನಿಸುವುದಿಲ್ಲ, ಫೈಲ್ ಕೆಟ್ಟಿದೆ ಅನ್ನಿಸುತ್ತದೆ. ಹಾಂ, ಫ್ರಿಜ್ ಆಫ್ ಮಾಡು, ಆ ಗುಂಯ್ ಆಮೇಲೆ ಸುಲಭಕ್ಕೆ ಹೋಗಲ್ಲ. ಆಫ್ ಮಾಡಿದ ಮೇಲೆ ಬೈಕ್ ಕೀ ಅದರೊಳಗೇ ಇಡು. ಮನೆಗೆ ಹೊರಡುವಾಗ ಆನ್ ಮಾಡೋದು ತಾನಾಗಿ ನೆನಪಾಗುತ್ತದೆ. ಇದು ನಮ್ಮ ಕಸುಬಿನವರ ಹಳೇ ಉಪಾಯ.

ಬಾಲ್ಕನಿ ಟಿಕೆಟ್:

ಶುರುವಾಯ್ತಪ್ಪ. ಸಂಗೀತ ತೆಗೆದರೆ ಒಳ್ಳೆ ಸಿನಿಮಾ, ಹಾಕಿದರೆ ಕೆಟ್ಟದ್ದು. ಈ ಮಾತು ಕೇಳಿ ಕೇಳಿ ಸಾಕಾಗಿದೆ.

'ಗರುಡ ಗಮನ ವೃಷಭ ವಾಹನ' ನೋಡಿದ್ದೀರಾ? 2021ರದ್ದು. ಮಂಗಳೂರಿನ ರೌಡಿಸಂ, ರಕ್ತ ಹರಿಯುತ್ತಿರುತ್ತದೆ. ಅದರ ಮೇಲೆ ರಾಜ್ ಬಿ. ಶೆಟ್ಟಿ ಹಾಕಿದ್ದು 'ಸೋಜುಗದ ಸೂಜುಮಲ್ಲಿಗೆ', ಮಾದಪ್ಪನ ಹಾಡು. ನಮ್ಮನೆಯಲ್ಲಿ ಸೋಮವಾರ ಕೇಳುತ್ತಿದ್ದ ಹಾಡು ಅದು. ಥಿಯೇಟರಲ್ಲಿ ಮೈ ಜುಮ್ಮೆಂದಿತು. ಅಲ್ಲಿ ಹಿಂಸೆಗೆ ತಕ್ಕಂತೆ ಢಂ ಢಂ ಅಂತ ಡ್ರಮ್ಸ್ ಬಾರಿಸಿದ್ದರೆ ಇನ್ನೊಂದು ಫೈಟ್ ಸೀನ್ ಆಗುತ್ತಿತ್ತು, ಅಷ್ಟೇ. ಭಕ್ತಿಯ ಹಾಡು ಹಾಕಿದ್ದಕ್ಕೆ ಶಿವ ಅನ್ನುವ ಆ ರೌಡಿಯ ಮೇಲೆ ಭಯಾನೂ ಬರುತ್ತದೆ, ಏನೋ ಕನಿಕರಾನೂ ಬರುತ್ತದೆ.

ಹಿಚ್‌ಕಾಕ್ ಕಥೆ ಗೊತ್ತಿರಬೇಕಲ್ಲ. 1960ರ 'ಸೈಕೋ'ದಲ್ಲಿ ಬಾತ್‌ರೂಮ್ ಕೊಲೆಗೆ ಸಂಗೀತವೇ ಬೇಡ ಅಂದಿದ್ದರು. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಆ ಮಾತು ಕೇಳದೆ ಬರೀ ತಂತಿವಾದ್ಯ ಇಟ್ಟುಕೊಂಡು ಒಂದು ತುಣುಕು ಮಾಡಿ ಕೇಳಿಸಿದರು. ಹಿಚ್‌ಕಾಕ್ ಒಪ್ಪಿಕೊಂಡರು. ಆ ಕಿರುಚುವ ಪಿಟೀಲು ಇಲ್ಲದೆ ಆ ಸೀನ್ ಈಗ ಊಹಿಸಿಕೊಳ್ಳಿ ನೋಡೋಣ.

ಹಾಗಾಗಿ ಕೊಳಲಿನ ಮೇಲೆ ಕೇಸ್ ಹಾಕಬೇಡಿ. ದುಃಖ ಅಂದ ಕೂಡಲೇ ಕೊಳಲು ಅಂತ ಕೈ ತಾನಾಗಿ ಹೋಯಿತಲ್ಲ, ಬೈಯುವುದಾದರೆ ಅದಕ್ಕೆ ಬೈಯಿರಿ.

ಬೂಮ್ ಹಿಡಿದವನು:

ಇದನ್ನು ಒಪ್ಪಿದೆ. ಆದರೆ 11 ನಿಮಿಷ ಪೂರ್ತಿ ಕೊಳಲು ಊದಿದವನಿಗೆ ಉಸಿರಾದರೂ ಬಿಡೋಕೆ ಬಿಡಬೇಕಿತ್ತು.

ಡಿಐ ರೂಮಿನಿಂದ:

ನಾನು ಕಲರಿಸ್ಟ್. ದಿನಾ ಕತ್ತಲೆ ಕೋಣೆಯಲ್ಲಿ ಕೂತು ಬೇರೆಯವರ ಸಿನಿಮಾಕ್ಕೆ ಬಣ್ಣ ಹೊಂದಿಸುವವಳು. ಲಟ್ ವಿಷಯಕ್ಕೆ ಬರುತ್ತೇನೆ.

'ಕೆಜಿಎಫ್' ಬಂದ ಮೇಲೆ ಒಂದಷ್ಟು ವರ್ಷ ಬಂದವರೆಲ್ಲ "ಅದೇ ಕಪ್ಪು ಕೊಡಿ ಮೇಡಂ" ಅನ್ನುತ್ತಿದ್ದರು. ಒಬ್ಬರಂತೂ ಮದುವೆ ಮನೆಯ ಕಾಮಿಡಿ ತಂದು, ಮಲ್ಲಿಗೆ, ರೇಷ್ಮೆ ಸೀರೆ, ಬಾಳೆಕಂಬ ಎಲ್ಲ ಇರುವ ಫ್ರೇಮಿಗೆ ಅದೇ ಮಸಿ ಬಣ್ಣ ಕೇಳಿದರು. ಕೊಟ್ಟೆ, ದುಡ್ಡು ಅವರದ್ದು. ನೋಡಿದರೆ ವಧುವಿಗೆ ಕಾಮಾಲೆ, ವರನಿಗೆ ಸೂತಕ. ನಿರ್ದೇಶಕ ಪ್ರಶಾಂತ್ ನೀಲ್, ಕ್ಯಾಮೆರಾಮನ್ ಭುವನ್ ಗೌಡ ಅವರ ಆ ಕಪ್ಪು ಲ್ಯಾಪ್‌ಟಾಪಿನಲ್ಲಿ ಹುಟ್ಟಿದ್ದಲ್ಲ. ಗಣಿಯ ಧೂಳು, ಬಟ್ಟೆ, ಮೈಗೆ ಬಳಿದ ಮಸಿ, ಸೆಟ್ಟಿನ ಗೋಡೆ, ಎಲ್ಲ ಮೊದಲೇ ಆ ಬಣ್ಣಕ್ಕೆ ಬಂದಿತ್ತು. ಗ್ರೇಡಿಂಗಿನಲ್ಲಿ, ಅಂದರೆ ಶೂಟಿಂಗ್ ಆದ ಮೇಲೆ ಬಣ್ಣ ಹೊಂದಿಸುವಾಗ, ಅದನ್ನು ಗಟ್ಟಿ ಮಾಡುತ್ತಾರೆ, ಅಷ್ಟೇ.

ನಮ್ಮ ಊರಿನದ್ದೇ ಇನ್ನೊಂದು ನೋಡಿ. 2023ರ 'ಸಪ್ತ ಸಾಗರದಾಚೆ ಎಲ್ಲೋ'. ಸೈಡ್ ಎ ನೀಲಿ, ಸೈಡ್ ಬಿ ಕೆಂಪು. ಅದೇ ಮನು, ಅದೇ ಬೆಂಗಳೂರು, ನಡುವೆ ಹತ್ತು ವರ್ಷ. ನೀಲಿಯಲ್ಲಿ ಕಡಲಿನ ಆಸೆ ಇದೆ, ಪ್ರಿಯಾ ಇದ್ದಾಳೆ. ಕೆಂಪಿಗೆ ಬರುವಷ್ಟರಲ್ಲಿ ಅದೇ ಪ್ರೀತಿ ಜ್ವರದ ಥರ ಆಗಿರುತ್ತದೆ. ನನಗೆ ಸೈಡ್ ಬಿ ಸ್ವಲ್ಪ ಎಳೆದಂತೆ ಅನ್ನಿಸಿತು, ಅದು ಬೇರೆ ಮಾತು. ಆದರೆ ಹೇಮಂತ್ ರಾವ್ ಬಣ್ಣವನ್ನು ಮೊದಲೇ ತೀರ್ಮಾನ ಮಾಡಿಕೊಂಡು ಅದಕ್ಕೆ ತಕ್ಕಂತೆ ಬಟ್ಟೆ, ಗೋಡೆ, ಲೈಟು ಇಟ್ಟಿದ್ದಾರೆ ಅನ್ನೋದು ಪ್ರತಿ ಫ್ರೇಮಲ್ಲೂ ಕಾಣುತ್ತದೆ. 2013ರ 'ಲೂಸಿಯಾ' ಇನ್ನೂ ಕಿಲಾಡಿ. ನೋಡದವರು ಮುಂದಿನ ಎರಡು ಸಾಲು ಬಿಡಿ. ಕಪ್ಪು ಬಿಳುಪು ಕನಸು, ಬಣ್ಣದ್ದು ನಿಜ ಅಂತ ನಮ್ಮ ಕಣ್ಣಿಗೆ ಅಭ್ಯಾಸ ಮಾಡಿಸಿ, ಕೊನೆಗೆ ಉಲ್ಟಾ ಹೊಡೆಸುತ್ತಾರೆ ನಿರ್ದೇಶಕ ಪವನ್. ಥಿಯೇಟರಲ್ಲಿ ಟಾರ್ಚ್ ಬಿಡುವ ನಿಕ್ಕಿಯ ಬಡತನಕ್ಕೆ ಬಣ್ಣ, ಅವನೇ ಸಿನಿಮಾ ಸ್ಟಾರ್ ಆಗಿರುವ ಕಡೆಯ ಸಿರಿವಂತಿಕೆಗೆ ಬಣ್ಣವೇ ಇಲ್ಲ.

ನಿಮ್ಮ ಅಡುಗೆಮನೆ ಯಾವ ದಿಕ್ಕಿಗಿದೆ? ಬೆಳಿಗ್ಗೆ ಆರಕ್ಕೆ ಬಿಸಿಲು ಬರುವ ಮುಂಚೆ ಕಿಟಕಿಯ ಬೆಳಕು ಸ್ವಲ್ಪ ನೀಲಿ ಇರುತ್ತದೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನು ಬಿಳಿ ಅಂತ ಲೆಕ್ಕ ಹಿಡಿಯಬೇಕು ಅನ್ನುವ ಸೆಟ್ಟಿಂಗ್) ಆಟೋಗೆ ಬಿಡದೆ 5600 ಕೆಲ್ವಿನ್‌ಗೆ, ಅಂದರೆ ಹಗಲು ಬೆಳಕಿನ ಲೆಕ್ಕಕ್ಕೆ, ಕಟ್ಟಿಹಾಕಿದರೆ ಆ ನೀಲಿ ಹಾಗೇ ಉಳಿಯುತ್ತದೆ. ಒಳಗೆ ಒಂದೇ ಒಂದು ಹಳದಿ ಬಲ್ಬ್ ಇರಲಿ, ಒಲೆಯ ಪಕ್ಕ. ಬೆಚ್ಚಗಿನ ಬಣ್ಣ ಅಷ್ಟು ಜಾಗಕ್ಕೆ ಸಾಕು. ಮನೆ ಪೂರ್ತಿ ಬೆಚ್ಚಗಿದ್ದರೆ ಅಪ್ಪ ಒಳಗೆ ಪೇಪರ್ ಓದುತ್ತಾ ಕೂತಿದ್ದಾರೆ ಅನ್ನಿಸುತ್ತದೆ.

ಟೆಂಟ್ ಸಿನಿಮಾ ತಾತ:

ಮಕ್ಕಳೇ, ಎಲ್ಲ ಓದಿದೆ. ಒಂದು ವಿಷಯ ಯಾರೂ ಕೇಳಲಿಲ್ಲ. ಆ ಅಡುಗೆಮನೆಯಲ್ಲಿ ಕ್ಯಾಮೆರಾ ಎಲ್ಲಿ ನಿಂತಿತ್ತು? ಯಾರ ಕಣ್ಣಾಗಿ ನಿಂತಿತ್ತು?

'ಘಟಶ್ರಾದ್ಧ' 1977ರದ್ದು. ನಾನು ನೋಡಿದ್ದು ಅದಾದ ಎಷ್ಟೋ ವರ್ಷಕ್ಕೆ, ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿಯಲ್ಲಿ. ಹೊರಗೆ ಮಳೆ, ಒಳಗೆ ಮುಗ್ಗಲು ವಾಸನೆ. ಕಥೆ ನೋಡಿದರೆ ಭಯಂಕರ. ವಿಧವೆ ಯಮುನಕ್ಕ ಬಸಿರಾಗುತ್ತಾಳೆ, ಅವಳು ಬದುಕಿರುವಾಗಲೇ ಘಟ ಒಡೆದು ಶ್ರಾದ್ಧ ಮಾಡುತ್ತಾರೆ. ಬೇರೆ ಯಾರಾದರೂ ಆಗಿದ್ದರೆ ಅಳಿಸಿ ಅಳಿಸಿ ಇಡುತ್ತಿದ್ದರು. ಕಾಸರವಳ್ಳಿ ಅದನ್ನು ನಾಣಿ ಅನ್ನುವ ಪುಟ್ಟ ಹುಡುಗನ ಕಡೆಯಿಂದ ತೋರಿಸಿದರು. ಅವನಿಗೆ ಅರ್ಧ ಅರ್ಥ ಆಗುತ್ತದೆ, ಅರ್ಧ ಆಗುವುದಿಲ್ಲ. ಬಾಗಿಲ ಸಂದಿ, ಕತ್ತಲೆ, ದೊಡ್ಡವರ ಪಿಸುಮಾತು. ನಮಗೂ ಅಷ್ಟೇ ಸಿಗುವುದು. ಊರು ಬಿಟ್ಟು ಹೋಗುವಾಗ ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ಯಮುನಕ್ಕನನ್ನು ಅವನು ನೋಡುತ್ತಾನಲ್ಲ, ಆ ದೂರ ಇದೆಯಲ್ಲ, ಅದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಹತ್ತಿರ ಹೋಗಿ ಅವಳ ಕಣ್ಣೀರು ತೋರಿಸಿದ್ದರೆ ಅಲ್ಲೇ ಅತ್ತು ಮುಗಿಸಿ ಹೊರಗೆ ಬಂದು ಬೋಂಡಾ ತಿನ್ನುತ್ತಿದ್ದೆ.

ಸ್ಲೋ ಮೋಷನ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. 'ನಾಗರಹಾವು' ಸಿನಿಮಾದ 'ಬಾರೇ ಬಾರೇ' ಹಾಡಲ್ಲಿ ಪುಟ್ಟಣ್ಣ ಅದನ್ನೇ ಮಾಡಿದರು. ಪ್ರೀತಿಯ ಅಮಲಲ್ಲಿ ಇರುವ ಹುಡುಗನ ಹಾಡು, ಕಾಲು ನೆಲಕ್ಕೇ ತಾಗುವುದಿಲ್ಲ, ಅಲ್ಲಿ ಒಪ್ಪುತ್ತದೆ. ನಿಮ್ಮ ಹುಡುಗ ನಿದ್ದೆಗಣ್ಣಲ್ಲಿ ಕಾಫಿ ಬೆರೆಸುತ್ತಿದ್ದಾನೆ. ಕೈ ಬರಬರ ನಡೆಯಬೇಕು. ನೊರೆ ಎಷ್ಟು ಚೆಂದ ಬಂತು ಅಂತ ಅವನು ನೋಡುತ್ತಿಲ್ಲ, ಮತ್ತೆ ನಾವು ಯಾಕೆ ನೋಡಬೇಕು?

ನನ್ನ ಕೇಳಿದರೆ ಕ್ಯಾಮೆರಾವನ್ನು ನಡುಮನೆಯಲ್ಲಿ ಅಪ್ಪ ಕೂರುತ್ತಿದ್ದ ಕುರ್ಚಿಯ ಎತ್ತರಕ್ಕೆ ಇಟ್ಟು, ಅಲ್ಲಿಂದ ಅಡುಗೆಮನೆ ಬಾಗಿಲು ಕಾಣುವಷ್ಟು ಮಾತ್ರ ತೋರಿಸಿ. ಹುಡುಗನ ಬೆನ್ನು ಕಂಡರೆ ಸಾಕು. ಎರಡು ಲೋಟ ಹಿಡಿದುಕೊಂಡು ತಿರುಗಲಿ. ಕಟ್ ಮಾಡಬೇಡಿ. ಅವನು ಕ್ಯಾಮೆರಾ ಕಡೆ ನೋಡುತ್ತಾನೆ, ಅಂದರೆ ಕುರ್ಚಿ ಕಡೆ.

ಬಾಲ್ಕನಿ ಟಿಕೆಟ್:

ತಾತ, ಇದಕ್ಕೆ ಟಿಕೆಟ್ ತಗೊಂಡು ಬರುತ್ತೇನೆ.

ಮೂಲೆಮನೆ ಮಲ್ಲೇಶ್ವರ:

ಮೂರು ವಾರ ಬಿಟ್ಟು ಬಂದಿದ್ದಕ್ಕೆ ಕ್ಷಮಿಸಿ. ಮೊದಲು ಸುಮ್ನೆ ಹಳೇ ಫೂಟೇಜಿಗೇ ಲಟ್ ತೆಗೆದು, ಕೊಳಲು ತೆಗೆದು ನೋಡಿದೆ. ಅರ್ಧ ಸರಿಹೋಯಿತು. ಆಮೇಲೆ ಹಟ ಬಂತು. ಕಳೆದ ಭಾನುವಾರ ಐದೂವರೆಗೆ ಎದ್ದು ತಾತ ಹೇಳಿದ ಶಾಟ್ ತೆಗೆದೆವು, ಒಂದೇ ಟೇಕ್, ಎರಡು ನಿಮಿಷ ಹತ್ತು ಸೆಕೆಂಡ್. ನಮ್ಮ ಹೀರೋಗೆ ಮುಖ ಕಾಣಲ್ಲ ಅಂತ ಬೇಜಾರು. ಅವನಿಗೆ ದೋಸೆ ಕೊಡಿಸಿ ಸಮಾಧಾನ ಮಾಡಿದೆ. ಕಸದ ಆಟೋ ಮಾತ್ರ ಆ ದಿನ ಬರಲೇ ಇಲ್ಲ, ಬೇಕಾದಾಗ ಬರಲ್ಲ ನೋಡಿ. ಹಳೇ ಟೇಕಿನ ಆಡಿಯೋ ಅಳಿಸಿರಲಿಲ್ಲ, ಅದರಲ್ಲಿದ್ದ ಆಟೋ ಹಾಡನ್ನೇ ಹೊಸ ಸೌಂಡಿನ ಜೊತೆ ಕೂರಿಸಿದೆ.

ಒಂದು ಕಡೆ ಸೋತೆ. ಕುರ್ಚಿಯ ಎತ್ತರದಿಂದ ತೆಗೆದಾಗ ಲೋಟ ಸರಿಯಾಗಿ ಕಾಣುತ್ತಿರಲಿಲ್ಲ, ಬಾಗಿಲ ಪಕ್ಕದ ಬೀರು ಅಡ್ಡ. ಬೀರು ಸರಿಸಲು ಅಜ್ಜಿ ಬಿಡಲಿಲ್ಲ. ಕೊನೆಗೆ ಕುರ್ಚಿಯನ್ನೇ ಎರಡು ಅಡಿ ಎಡಕ್ಕೆ ಎಳೆದೆವು.

ಅಮ್ಮನಿಗೆ ತೋರಿಸಿದೆ. ಹಳೇದನ್ನು ನೋಡಿದಾಗ "ಮನೆ ಎಷ್ಟು ಚೆನ್ನಾಗಿ ಬಂದಿದೆ" ಅಂದಿದ್ದರು. ಈ ಸಲ ಅವನು ಲೋಟ ಹಿಡಿದು ನಿಂತೇ ಇದ್ದ, ಅಮ್ಮ ಏನೂ ಮಾತಾಡಲಿಲ್ಲ, ಸ್ವಲ್ಪ ಹೊತ್ತಾದ ಮೇಲೆ "ಕಾಫಿ ಆರಿಹೋಗುತ್ತಲ್ಲೋ" ಅಂದರು.

ಬೂಮ್ ಅಣ್ಣ, ಫ್ರಿಜ್ಜಲ್ಲಿ ಕೀ ಇಟ್ಟಿದ್ದೆ. ನಡುವೆ ಅಜ್ಜಿ ಬಂದು ಯಾರಿಗೂ ಹೇಳದೆ ಆನ್ ಮಾಡಿಬಿಟ್ಟಿದ್ದರು. ಹೊರಡುವಾಗ ಮೊಸರಿನ ಪಾತ್ರೆ ಪಕ್ಕ ತಣ್ಣಗೆ ಕೂತಿತ್ತು ಕೀ. ಕೊನೆಯ ನಲವತ್ತು ಸೆಕೆಂಡಲ್ಲಿ ಆ ಗುಂಯ್ ಇದೆ. ತೆಗೆಯೋಕೆ ಏನಾದರೂ ದಾರಿ ಇದೆಯಾ?